ದೊಡ್ಡ ಟೈರಿಗೆ ತಕ್ಕ ಅಚ್ಚಿನ ಆಯ್ಕೆ: ಟ್ರ್ಯಾಕ್ಟರ್ ಮತ್ತು ಟ್ರೇಲರ್ ಮಾಲೀಕರಿಗೆ ಮಾಹಿತಿ

ಪೀಠಿಕೆ

ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಮತ್ತು ಅದರ ಸುತ್ತಲಿನ ಗ್ರಾಮಗಳು ಭದ್ರಾ ನಾಲೆಯ ನೀರನ್ನು ಅವಲಂಬಿಸಿವೆ. ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಭತ್ತದ ಗದ್ದೆಗಳು ಕೆಸರಾಗಿರುತ್ತವೆ. ಅಡಿಕೆ ತೋಟ ಹಾಗೂ ಕಬ್ಬಿನ ಹೊಲಗಳಿಗೆ ಹೋಗುವ ದಾರಿಗಳೂ ತೇವದಿಂದ ಮೆತ್ತಗಾಗಿರುತ್ತವೆ. ಬೆಳಿಗ್ಗೆ ಗದ್ದೆಯಲ್ಲಿ ಕೆಸರು ತುಳಿದ ಟ್ರ್ಯಾಕ್ಟರೇ ಸಂಜೆ ಟ್ರೇಲರ್ ಎಳೆದುಕೊಂಡು ಡಾಂಬರು ರಸ್ತೆಗೆ ಬರುತ್ತದೆ. ಭತ್ತವು ದಾವಣಗೆರೆಯ ಮಾರುಕಟ್ಟೆಗೆ, ಕಬ್ಬು ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಸಾಗುವುದು ಬಹುಮಟ್ಟಿಗೆ ಇಂತಹ ಟ್ರೇಲರುಗಳಲ್ಲಿಯೇ.

ಚಕ್ರವು ಕೆಸರಿನಲ್ಲಿ ಹೂತುಹೋಗುವುದನ್ನು ತಪ್ಪಿಸಲು ಅನೇಕ ಮಾಲೀಕರು ಮೂಲ ಟೈರುಗಳನ್ನು ತೆಗೆದು ಹೆಚ್ಚು ಅಗಲವಾದ, ಎತ್ತರವಾದ ಟೈರುಗಳನ್ನು ಅಳವಡಿಸುತ್ತಾರೆ. ಇದರಿಂದ ಹೂಳುವಿಕೆ ಕಡಿಮೆಯಾಗುವುದು ನಿಜ. ಆದರೆ ಟೈರು ದೊಡ್ಡದಾದಂತೆ ಅದನ್ನು ಹೊತ್ತಿರುವ ಅಚ್ಚಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ. ಗದ್ದೆಯಲ್ಲಿ ಅಚ್ಚು ಮುರಿದರೆ ಒಂದು ದಿನದ ಕೆಲಸ ಕೆಡಬಹುದು. ತುಂಬಿದ ಟ್ರೇಲರಿನ ಅಚ್ಚು ರಸ್ತೆಯ ಮೇಲೆ ಮುರಿದರೆ ಚಾಲಕನ ಮತ್ತು ಎದುರಿನಿಂದ ಬರುವವರ ಪ್ರಾಣಕ್ಕೇ ಅಪಾಯ. ಆದುದರಿಂದ ಟೈರು ಬದಲಾಯಿಸುವ ಮೊದಲು ಅಚ್ಚಿನ ಬಲವನ್ನು ತಿಳಿದುಕೊಳ್ಳುವುದು ಅತ್ಯವಶ್ಯಕ.

ಅಚ್ಚಿನ ವಿಧಗಳು

ಗ್ಯಾರೇಜುಗಳಲ್ಲಿ ಆಕ್ಸಲ್ ಎಂದು ಕರೆಯಲಾಗುವ ಅಚ್ಚಿನಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

1. ತಿರುಗದ ಅಚ್ಚು: ಎತ್ತಿನ ಗಾಡಿಯ ಅಚ್ಚಿನಂತೆ ಇದು ಸ್ಥಿರವಾಗಿದ್ದು, ಚಕ್ರ ಮಾತ್ರ ತಿರುಗುತ್ತದೆ. ಟ್ರೇಲರಿನ ಅಚ್ಚು ಹಾಗೂ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ ಬಲವಿರುವ ಟ್ರ್ಯಾಕ್ಟರಿನ ಮುಂದಿನ ಅಚ್ಚು ಈ ವಿಧಕ್ಕೆ ಸೇರಿವೆ. ಭಾರವನ್ನು ಹೊರುವುದು ಇದರ ಕೆಲಸ.

2. ತಿರುಗುವ ಅಚ್ಚು: ಟ್ರ್ಯಾಕ್ಟರಿನ ಹಿಂದಿನ ಅಚ್ಚು ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಸಾಮಾನ್ಯವಾಗಿ ಇದೇ ಅಚ್ಚು ಭಾರವನ್ನೂ ಹೊರುತ್ತದೆ. ಬಾಗುವಿಕೆ ಮತ್ತು ತಿರುಚುವಿಕೆ ಇವೆರಡನ್ನೂ ಇದು ಏಕಕಾಲದಲ್ಲಿ ತಾಳಬೇಕಾಗುತ್ತದೆ.

ಲಾರಿಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ವಾಹನದ ಭಾರವನ್ನು ಹೊರಗಿನ ಗಟ್ಟಿ ಹೌಸಿಂಗ್ ಹೊರುತ್ತದೆ. ಒಳಗಿನ ಶಾಫ್ಟ್ ಚಕ್ರವನ್ನು ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ. ಇದಕ್ಕೆ ಫುಲ್ ಫ್ಲೋಟಿಂಗ್ ಅಚ್ಚು ಎಂದು ಹೆಸರು. ಶಾಫ್ಟ್ ಮುರಿದರೂ ಚಕ್ರ ಕಳಚಿ ಬೀಳುವುದಿಲ್ಲ. ಶಾಫ್ಟೇ ಭಾರವನ್ನೂ ಹೊರುವ ಸೆಮಿ ಫ್ಲೋಟಿಂಗ್ ವ್ಯವಸ್ಥೆಯಲ್ಲಿ ಶಾಫ್ಟ್ ಮುರಿದರೆ ಚಕ್ರವೇ ಹೊರಬರಬಹುದು. ಗಣಿ, ಕಾಡುದಾರಿ ಮತ್ತು ಕಚ್ಚಾ ರಸ್ತೆಗಳಲ್ಲಿ ದೊಡ್ಡ ಟೈರಿನ ಮೇಲೆ ಓಡುವ ವಾಹನಗಳಿಗೆ ಮೊದಲನೆಯ ವ್ಯವಸ್ಥೆಯನ್ನೇ ಆರಿಸಲು ಇದೇ ಕಾರಣ.

ದೊಡ್ಡ ಟೈರಿನಿಂದ ಹೆಚ್ಚುವ ಹೊರೆಗಳು

ಅ) ಭಾರ: ದೊಡ್ಡ ಟೈರು ಮತ್ತು ರಿಮ್ಮಿನ ಸ್ವಂತ ತೂಕ ಹೆಚ್ಚು. ಇದಕ್ಕಿಂತ ಮುಖ್ಯವಾದುದು, ಟೈರು ತಾಳುತ್ತದೆಂಬ ಧೈರ್ಯದಿಂದ ಟ್ರೇಲರಿಗೆ ಹೆಚ್ಚು ಸರಕು ತುಂಬುವುದು. ಟೈರು ತಾಳುವ ಭಾರವೇ ಅಚ್ಚು ತಾಳುವ ಭಾರವಲ್ಲ ಎಂಬುದನ್ನು ಮಾಲೀಕರು ಗಮನದಲ್ಲಿಡಬೇಕು.

ಆ) ಹೊರಚಾಚು: ಅಗಲ ಟೈರು ಟ್ರೇಲರಿನ ಬಾಡಿಗೆ ಅಥವಾ ಮಡ್‌ಗಾರ್ಡಿಗೆ ತಾಗದಿರಲು ಚಕ್ರವನ್ನು ಹೊರಕ್ಕೆ ಸರಿಸಬೇಕಾಗುತ್ತದೆ. ಆಗ ಚಕ್ರದ ಮಧ್ಯಭಾಗವು ಆಧಾರದಿಂದ ದೂರವಾಗುತ್ತದೆ. ಹಾರೆಯ ತುದಿಯನ್ನು ದೂರದಿಂದ ಒತ್ತಿದಷ್ಟೂ ಬಲ ಹೆಚ್ಚುವಂತೆ, ಅದೇ ಭಾರವು ಅಚ್ಚನ್ನು ಹೆಚ್ಚು ಬಾಗಿಸುತ್ತದೆ.

ಇ) ತಿರುಚುವ ಬಲ: ಚಕ್ರದ ಎತ್ತರ ಹೆಚ್ಚಿದಂತೆ ನೆಲದಿಂದ ಅಚ್ಚಿಗೆ ಇರುವ ದೂರ ಹೆಚ್ಚುತ್ತದೆ. ನೆಲದಲ್ಲಿ ಅಷ್ಟೇ ಎಳೆತ ದೊರೆಯಬೇಕಾದರೆ ಅಚ್ಚು ಹೆಚ್ಚು ಬಲದಿಂದ ತಿರುಚಿಕೊಳ್ಳಬೇಕಾಗುತ್ತದೆ.

ಈ) ಅಡ್ಡಬಲ ಮತ್ತು ಪೆಟ್ಟು: ತಿರುವಿನಲ್ಲಿ, ಗದ್ದೆಯ ಬದು ಹತ್ತಿಳಿಯುವಾಗ ಮತ್ತು ಗುಂಡಿಗೆ ಬಿದ್ದಾಗ ಚಕ್ರದ ತಳಕ್ಕೆ ಅಡ್ಡಲಾಗಿ ಪೆಟ್ಟು ಬೀಳುತ್ತದೆ. ಚಕ್ರ ಎತ್ತರವಾದಷ್ಟೂ ಈ ಪೆಟ್ಟು ಹಬ್, ಬೇರಿಂಗ್ ಮತ್ತು ಅಚ್ಚಿನ ತುದಿಯನ್ನು ಹೆಚ್ಚು ತಿರುವುತ್ತದೆ.

ಟೈರಿನ ಗುರುತನ್ನು ಓದುವ ಕ್ರಮ

ಟ್ರ್ಯಾಕ್ಟರಿನ ಹಿಂದಿನ ಟೈರಿನ ಮೇಲೆ 13.6-28 ಎಂದಿದ್ದರೆ, ಮೊದಲನೆಯ ಸಂಖ್ಯೆ ಟೈರಿನ ಅಗಲವನ್ನೂ ಎರಡನೆಯದು ರಿಮ್ಮಿನ ವ್ಯಾಸವನ್ನೂ ಇಂಚುಗಳಲ್ಲಿ ಸೂಚಿಸುತ್ತದೆ. 13.6-28 ಟೈರಿನ ಒಟ್ಟು ಎತ್ತರ ಸುಮಾರು 1310 ಮಿ.ಮೀ. ಇದ್ದರೆ, 16.9-28 ಟೈರಿನ ಎತ್ತರ ಸುಮಾರು 1430 ಮಿ.ಮೀ. ಇರುತ್ತದೆ. ಎರಡಕ್ಕೂ ರಿಮ್ಮಿನ ವ್ಯಾಸ ಒಂದೇ ಆದರೂ ಅಗಲ ಟೈರಿಗೆ ಅಗಲವಾದ ರಿಮ್ಮೇ ಬೇಕು.

ಈ ಬದಲಾವಣೆಯಿಂದ ಎತ್ತರವು ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಅದೇ ಗೇರಿನಲ್ಲಿ ವೇಗವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಎಂಜಿನ್ನಿನಿಂದ ನೆಲಕ್ಕೆ ದೊರೆಯುವ ಎಳೆತ ಮತ್ತು ಬ್ರೇಕಿನ ಹಿಡಿತ ಸುಮಾರು ಶೇ. 8ರಷ್ಟು ಇಳಿಯುತ್ತವೆ. ಕಡಿಮೆಯಾದ ಎಳೆತವನ್ನು ಸರಿದೂಗಿಸಲು ಚಾಲಕನು ಕೆಳಗಿನ ಗೇರು ಹಾಕಿದಾಗ ಅಚ್ಚಿನ ಮೇಲಿನ ತಿರುಚುವ ಬಲ ಮೊದಲಿಗಿಂತ ಹೆಚ್ಚುತ್ತದೆ.

ಅಚ್ಚಿನ ದಪ್ಪ ಮತ್ತು ಬಲ

ಅಚ್ಚಿನ ಬಲವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪವು ಶೇ. 10ರಷ್ಟು ಹೆಚ್ಚಿದರೆ ಬಲವು ಶೇ. 33ರಷ್ಟು, ಶೇ. 20ರಷ್ಟು ಹೆಚ್ಚಿದರೆ ಬಲವು ಶೇ. 73ರಷ್ಟು ಅಧಿಕವಾಗುತ್ತದೆ. ಇದೇ ನಿಯಮ ತಿರುಗುಮುರುಗಾಗಿಯೂ ಅನ್ವಯಿಸುತ್ತದೆ. ಸವೆದ ಅಚ್ಚನ್ನು ಲೇತ್ ಯಂತ್ರದಲ್ಲಿ ಕಡೆದು ಶೇ. 10ರಷ್ಟು ತೆಳುವಾಗಿಸಿದರೆ ಅದರ ಬಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಷ್ಟವಾಗುತ್ತದೆ.

ಉದಾಹರಣೆ: ಎರಡು ಚಕ್ರದ ಟ್ರೇಲರೊಂದರ ಸ್ವಂತ ತೂಕ 1.5 ಟನ್, ಸರಕು 5 ಟನ್ ಎಂದು ಭಾವಿಸಬಹುದು. ಒಟ್ಟು 6.5 ಟನ್ನಿನಲ್ಲಿ ಅರ್ಧ ಟನ್ ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬಿದ್ದರೆ, ಉಳಿದ 6 ಟನ್ ಅಚ್ಚಿನ ಮೇಲೆ, ಅಂದರೆ ಪ್ರತಿ ಚಕ್ರಕ್ಕೆ 3 ಟನ್ ಬೀಳುತ್ತದೆ. ಅಚ್ಚು 75 ಮಿ.ಮೀ. ಚೌಕದ ಸಾದಾ ಉಕ್ಕಿನದು. ಅಂತಹ ಉಕ್ಕು ಪ್ರತಿ ಚದರ ಸೆಂ.ಮೀ.ಗೆ ಸುಮಾರು 2500 ಕಿ.ಗ್ರಾಂ. ಒತ್ತಡದಲ್ಲಿ ಶಾಶ್ವತವಾಗಿ ಬಾಗತೊಡಗುತ್ತದೆ. ಗುಂಡಿಯಲ್ಲಿ ಪೆಟ್ಟು ಬಿದ್ದಾಗ ಹೊರೆ ಎರಡು ಪಟ್ಟಾಗುತ್ತದೆಂದು ಇಟ್ಟುಕೊಂಡರೆ ಲೆಕ್ಕ ಹೀಗಿದೆ:

- 75 ಮಿ.ಮೀ. ಅಚ್ಚು, ಆಧಾರದಿಂದ ಚಕ್ರದ ಮಧ್ಯಕ್ಕೆ 25 ಸೆಂ.ಮೀ.: ನಿಂತಾಗ ಸುಮಾರು 1070 ಕಿ.ಗ್ರಾಂ., ಪೆಟ್ಟು ಬಿದ್ದಾಗ ಸುಮಾರು 2130 ಕಿ.ಗ್ರಾಂ. ಒತ್ತಡ. ಅಚ್ಚು ತಾಳುತ್ತದೆ.
- ಅದೇ ಅಚ್ಚು, ಅಗಲ ಟೈರಿಗಾಗಿ ಚಕ್ರವನ್ನು 35 ಸೆಂ.ಮೀ.ಗೆ ಸರಿಸಿದಾಗ: ನಿಂತಾಗ ಸುಮಾರು 1490 ಕಿ.ಗ್ರಾಂ., ಪೆಟ್ಟು ಬಿದ್ದಾಗ ಸುಮಾರು 2990 ಕಿ.ಗ್ರಾಂ. ಒತ್ತಡ. ಅಚ್ಚು ಬಾಗುತ್ತದೆ.
- 90 ಮಿ.ಮೀ. ಅಚ್ಚು, 35 ಸೆಂ.ಮೀ.: ನಿಂತಾಗ ಸುಮಾರು 860 ಕಿ.ಗ್ರಾಂ., ಪೆಟ್ಟು ಬಿದ್ದಾಗ ಸುಮಾರು 1730 ಕಿ.ಗ್ರಾಂ. ಒತ್ತಡ. ಅಚ್ಚು ಸುರಕ್ಷಿತವಾಗಿ ತಾಳುತ್ತದೆ.

ಎರಡನೆಯ ಸಂದರ್ಭದಲ್ಲಿ ಸರಕು ಒಂದು ಚೀಲದಷ್ಟೂ ಹೆಚ್ಚಿಲ್ಲ. ಚಕ್ರವು ಕೇವಲ 10 ಸೆಂ.ಮೀ. ಹೊರಕ್ಕೆ ಹೋದುದರಿಂದಲೇ ಅಚ್ಚು ಮಿತಿಯನ್ನು ಮೀರಿದೆ. ಮೂರನೆಯ ಸಂದರ್ಭದಲ್ಲಿ ದಪ್ಪ 15 ಮಿ.ಮೀ. ಹೆಚ್ಚಿದೆ, ಅಷ್ಟರಿಂದಲೇ ಕೊರತೆ ನೀಗಿದೆ. ಇದು ವಿಷಯವನ್ನು ತಿಳಿಸುವ ಸರಳ ಲೆಕ್ಕ ಮಾತ್ರ. ನಿರ್ದಿಷ್ಟ ಟ್ರೇಲರಿಗೆ ಅಚ್ಚನ್ನು ತಯಾರಕರ ಭಾರಮಿತಿಯ ಆಧಾರದ ಮೇಲೆಯೇ ಆರಿಸತಕ್ಕದ್ದು.

ಟ್ರೇಲರ್ ಅಚ್ಚನ್ನು ಆರಿಸುವ ಕ್ರಮ

1. ಮೊದಲು ನಿಜವಾದ ಭಾರವನ್ನು ತಿಳಿಯಬೇಕು. ತುಂಬಿದ ಟ್ರೇಲರಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ, ಟ್ರ್ಯಾಕ್ಟರನ್ನು ಹೊರಗಿಟ್ಟು ತೂಗಿದರೆ ಅಚ್ಚಿನ ಮೇಲಿನ ಭಾರ ದೊರೆಯುತ್ತದೆ. ಒದ್ದೆ ಭತ್ತ, ಹಸಿ ಅಡಿಕೆ ಮತ್ತು ಮರಳಿನ ತೂಕವನ್ನು ಕಣ್ಣಂದಾಜಿನಿಂದ ನಿರ್ಧರಿಸಬಾರದು.

2. ಈ ಭಾರಕ್ಕಿಂತ ಹೆಚ್ಚಿನ ಭಾರಮಿತಿಯುಳ್ಳ ಅಚ್ಚನ್ನು ಆರಿಸಬೇಕು. ಭಾರಮಿತಿಯನ್ನು ಯಾವ ಚಕ್ರದಳತೆಗೆ ಮತ್ತು ಎಷ್ಟು ಹೊರಚಾಚಿಗೆ ನೀಡಲಾಗಿದೆ ಎಂಬುದನ್ನೂ ಕೇಳಿ ತಿಳಿಯಬೇಕು.

3. ಅಚ್ಚಿನ ಮಧ್ಯಭಾಗ ಎಷ್ಟೇ ದಪ್ಪವಿದ್ದರೂ ಬೇರಿಂಗ್ ಕೂರುವ ತುದಿ ತೆಳ್ಳಗಿದ್ದರೆ ಪ್ರಯೋಜನವಿಲ್ಲ. ತುದಿಯ ವ್ಯಾಸ, ಬೇರಿಂಗಿನ ಗಾತ್ರ, ಹಬ್ಬಿನ ಬೋಲ್ಟುಗಳ ಸಂಖ್ಯೆ ಮತ್ತು ದಪ್ಪ ಇವೆಲ್ಲವೂ ಹೊಂದಿಕೆಯಾಗಬೇಕು. ಸರಪಳಿಯ ದುರ್ಬಲ ಕೊಂಡಿಯೇ ಇಡೀ ಸರಪಳಿಯ ಬಲವನ್ನು ನಿರ್ಧರಿಸುತ್ತದೆ.

4. ದಪ್ಪ ಕಡಿಮೆಯಾಗುವ ತಿರುವಿನಲ್ಲಿ ಚೂಪಾದ ಮೂಲೆ ಇರಬಾರದು. ಬಿರುಕು ಮೊದಲು ಹುಟ್ಟುವುದು ಅಲ್ಲಿಯೇ. ಆ ಭಾಗವು ನುಣುಪಾಗಿ ದುಂಡಗಿರಬೇಕು.

5. ಗುಜರಿಯಿಂದ ತಂದ ಹಳೆಯ ಲಾರಿ ಅಚ್ಚನ್ನು ಟ್ರೇಲರಿಗೆ ಜೋಡಿಸುವುದುಂಟು. ನೋಟಕ್ಕೆ ಅದು ದಪ್ಪವಾಗಿದ್ದರೂ ಹಿಂದೆ ಎಷ್ಟು ಭಾರ ಹೊತ್ತಿದೆ, ಒಳಗೆ ಬಿರುಕಿದೆಯೇ ಎಂಬುದು ಹೊರಗೆ ಕಾಣುವುದಿಲ್ಲ. ಉದ್ದ ಸಾಲದೆ ಎರಡು ತುಂಡುಗಳನ್ನು ವೆಲ್ಡಿಂಗ್ ಮಾಡಿ ಸೇರಿಸಿದ ಅಚ್ಚನ್ನು ಯಾವ ಕಾರಣಕ್ಕೂ ಬಳಸಬಾರದು.

6. ಬಾಡಿಯ ಕೆಳಗೆ ಅಚ್ಚನ್ನು ಹಿಂದಕ್ಕೆ ಸರಿಸಿದರೆ ಟ್ರ್ಯಾಕ್ಟರಿನ ಕೊಂಡಿಯ ಮೇಲಿನ ಭಾರ ಹೆಚ್ಚುತ್ತದೆ. ಆ ಭಾರವು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಹೋಗುತ್ತದೆ. ತೀರ ಮುಂದಕ್ಕೆ ಸರಿಸಿದರೆ ಕೊಂಡಿಯು ಮೇಲಕ್ಕೆ ಎತ್ತಲ್ಪಟ್ಟು ಟ್ರ್ಯಾಕ್ಟರಿನ ಹಿಡಿತ ತಪ್ಪುತ್ತದೆ. ಆದುದರಿಂದ ಅಚ್ಚಿನ ಸ್ಥಾನವನ್ನು ಮನಬಂದಂತೆ ಬದಲಾಯಿಸಬಾರದು.

ಟ್ರ್ಯಾಕ್ಟರಿಗೆ ಸಂಬಂಧಿಸಿದ ಅಂಶಗಳು

ಟ್ರೇಲರಿಗೆ ಬೇರೆ ಅಚ್ಚು ಹಾಕಬಹುದು. ಟ್ರ್ಯಾಕ್ಟರಿನ ಹಿಂದಿನ ಅಚ್ಚನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಅದು ಗೇರ್‌ಬಾಕ್ಸ್, ಹೌಸಿಂಗ್ ಮತ್ತು ಬ್ರೇಕುಗಳೊಂದಿಗೆ ಒಂದೇ ಘಟಕವಾಗಿ ರೂಪುಗೊಂಡಿರುತ್ತದೆ. ಆದುದರಿಂದ ಟ್ರ್ಯಾಕ್ಟರ್ ಖರೀದಿಸುವಾಗಲೇ ತಮ್ಮ ಜಮೀನಿಗೆ ಬೇಕಾದ ಟೈರಿನ ಗಾತ್ರವನ್ನು ತಯಾರಕರು ಆ ಮಾದರಿಗೆ ಒಪ್ಪಿದ್ದಾರೆಯೇ ಎಂದು ಮಾಲೀಕರು ನೋಡತಕ್ಕದ್ದು. ಮಧ್ಯಪ್ರದೇಶದ ಬುಧನಿಯಲ್ಲಿ ಮತ್ತು ಆಂಧ್ರಪ್ರದೇಶದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಿವೆ. ಟ್ರ್ಯಾಕ್ಟರಿನ ಪರೀಕ್ಷಾ ವರದಿಯಲ್ಲಿ ಟೈರಿನ ಗಾತ್ರ ಮತ್ತು ತೂಕದ ವಿವರಗಳಿರುತ್ತವೆ. ಮಾರಾಟಗಾರರಿಂದ ಈ ವಿವರಗಳನ್ನು ಕೇಳಿ ಪಡೆಯಬಹುದು.

ನಾಲ್ಕು ಚಕ್ರಗಳಿಗೂ ಬಲವಿರುವ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಟೈರನ್ನು ಮಾತ್ರ ದೊಡ್ಡದು ಮಾಡಬಾರದು. ಇವುಗಳಲ್ಲಿ ಮುಂದಿನ ಚಕ್ರವು ಹಿಂದಿನದಕ್ಕಿಂತ ತುಸು ವೇಗವಾಗಿ ಉರುಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಒಂದು ಜೊತೆ ಟೈರು ಬದಲಾದರೆ ಈ ಹೊಂದಾಣಿಕೆ ಕೆಡುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲಾರದೆ ಮುಂದಿನ ಅಚ್ಚು ಮತ್ತು ಗೇರುಗಳು ಪರಸ್ಪರ ಹೆಣಗಿ ಸವೆಯುತ್ತವೆ.

ಟೈರಿಗೆ ನೀರು ತುಂಬುವುದು ಮತ್ತು ಎರಕದ ತೂಕಗಳನ್ನು ಕಟ್ಟುವುದು ಹಿಡಿತ ಹೆಚ್ಚಿಸುವ ಕ್ರಮಗಳು. ಟೈರಿನ ಮುಕ್ಕಾಲು ಎತ್ತರದವರೆಗೆ ಮಾತ್ರ ನೀರು ತುಂಬಬೇಕು. 13.6-28 ಟೈರಿಗೆ ಹೀಗೆ ತುಂಬುವ ನೀರು 150 ಲೀಟರಿಗೂ ಮಿಗಿಲು. ಹಿಡಿತ ಹೆಚ್ಚಿದರೆ ಜಾರುವಿಕೆ ಕಡಿಮೆಯಾಗಿ, ಚಕ್ರ ಸಿಕ್ಕಿಕೊಂಡಾಗ ಎಂಜಿನ್ನಿನ ಪೂರ್ಣ ಬಲ ಅಚ್ಚಿನ ಮೇಲೆಯೇ ಬೀಳುತ್ತದೆ. ದೊಡ್ಡ ಟೈರು, ನೀರು, ಎರಕದ ತೂಕ ಮೂರನ್ನೂ ಒಟ್ಟಿಗೆ ಬಳಸುವುದು ಅಚ್ಚಿಗೆ ಹಾನಿಕರ.

ಟೈರಿನ ಪಕ್ಕಕ್ಕೆ ಜೋಡಿಸುವ ಅರ್ಧ ಕೇಜ್‌ವೀಲ್ ಕೂಡ ಅಚ್ಚಿನ ಹೊರಚಾಚನ್ನು ಹೆಚ್ಚಿಸುತ್ತದೆ. ಕೆಸರು ಗದ್ದೆಯ ಮೆತ್ತನೆಯ ನೆಲದಲ್ಲಿ ಇದರಿಂದ ತೊಂದರೆ ಕಡಿಮೆ. ಬದು ಹತ್ತಿಸುವಾಗ ಅಥವಾ ಗಟ್ಟಿ ನೆಲದ ಮೇಲೆ ಓಡಿಸುವಾಗ ಇಡೀ ಭಾರ ಹೊರತುದಿಗೆ ಬಿದ್ದು ಅಚ್ಚಿಗೂ ಬೋಲ್ಟುಗಳಿಗೂ ಪೆಟ್ಟಾಗುತ್ತದೆ. ಗದ್ದೆಯ ಅಂಚಿನಲ್ಲಿಯೇ ಕೇಜ್‌ವೀಲ್ ಬಿಚ್ಚಿಟ್ಟು ರಸ್ತೆಗೆ ಬರತಕ್ಕದ್ದು.

ದೊಡ್ಡ ಟೈರು ಎಲ್ಲಿ ಅವಶ್ಯಕ?

ಟೈರಿನಲ್ಲಿರುವ ಗಾಳಿಯ ಒತ್ತಡಕ್ಕೆ ಸರಿಸುಮಾರು ಸಮನಾದ ಒತ್ತಡವನ್ನೇ ಅದು ನೆಲದ ಮೇಲೆ ಹಾಕುತ್ತದೆ. ದೊಡ್ಡ ಟೈರು ಅಷ್ಟೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರಬಲ್ಲುದರಿಂದ ಕಡಿಮೆ ಹೂಳುತ್ತದೆ. ನೀರಾವರಿಯ ಎರೆಮಣ್ಣಿನ ಗದ್ದೆಗಳಲ್ಲಿ ಈ ಪ್ರಯೋಜನ ಉಂಟು. ಮಳೆಯಾಶ್ರಿತ ಬೇಸಾಯ ಹೆಚ್ಚಾಗಿರುವ ಜಗಳೂರು ತಾಲ್ಲೂಕಿನ ಒಣ ಹೊಲಗಳಲ್ಲಿ ಅಷ್ಟು ದೊಡ್ಡ ಟೈರಿನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಒಬ್ಬರ ಟ್ರ್ಯಾಕ್ಟರಿಗೆ ಹಾಕಿದ ಟೈರನ್ನು ನೋಡಿ ಮತ್ತೊಬ್ಬರು ಹಾಕಿಸುವುದಕ್ಕಿಂತ ತಮ್ಮ ಮಣ್ಣು ಮತ್ತು ಕೆಸರಿನ ಆಳವನ್ನು ನೋಡಿ ನಿರ್ಧರಿಸುವುದು ಸೂಕ್ತ.

ಟೈರು ಬದಲಾಯಿಸುವ ಮೊದಲು ಖರ್ಚಿಲ್ಲದ ಕ್ರಮಗಳನ್ನು ಪ್ರಯತ್ನಿಸಬಹುದು. ತಯಾರಕರ ಕೋಷ್ಟಕದ ಮಿತಿಯೊಳಗೆ ಹೊಲದಲ್ಲಿ ಗಾಳಿ ಕಡಿಮೆ ಮಾಡುವುದು, ಹಸಿ ದಾರಿಯಲ್ಲಿ ಅರ್ಧ ಹೊರೆಯಂತೆ ಎರಡು ಬಾರಿ ಸಾಗಿಸುವುದು, ಕಟಾವಿಗೆ ಮುನ್ನ ಗದ್ದೆಯ ನೀರನ್ನು ಸಕಾಲದಲ್ಲಿ ಬಸಿಯುವುದು ಇವು ಅಚ್ಚಿಗೂ ಜೇಬಿಗೂ ಹಿತಕರ. ರಸ್ತೆಗೆ ಬರುವ ಮುನ್ನ ಟೈರಿನ ಗಾಳಿಯನ್ನು ಮತ್ತೆ ಸರಿಪಡಿಸುವುದನ್ನು ಮರೆಯಬಾರದು.

ಕಾನೂನಿನ ಅಂಶಗಳು

- ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ಹಾಗೂ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿದಿದೆ.
- 2019ರ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ, ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಎರಡನ್ನೂ ವಿಧಿಸಬಹುದು.
- ಮಿತಿಮೀರಿದ ಭಾರಕ್ಕೆ 194ನೆಯ ಕಲಮಿನಡಿ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವಿದೆ.
- ಸರಕು ವಾಹನಗಳ ಅಚ್ಚಿನ ಭಾರಮಿತಿಯನ್ನು ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಹೆಚ್ಚಿಸಿತು. ನಾಲ್ಕು ಟೈರುಗಳ ಒಂಟಿ ಅಚ್ಚಿಗೆ 10.2 ಟನ್ ಇದ್ದುದು 11.5 ಟನ್ ಆಯಿತು. ಇದು ಕಾನೂನು ಒಪ್ಪುವ ಗರಿಷ್ಠ ಮಿತಿ. ವಾಹನದ ಅಚ್ಚು ಅಷ್ಟು ಭಾರಕ್ಕೆ ತಯಾರಾಗಿರದಿದ್ದರೆ ಆ ಮಿತಿಯವರೆಗೆ ತುಂಬುವುದು ಸುರಕ್ಷಿತವಲ್ಲ.
- ಟ್ರೇಲರಿನಲ್ಲಿ ಸರಕಿನ ಮೇಲೆ ಕೂಲಿಕಾರರನ್ನು ಕೂರಿಸಿಕೊಂಡು ಹೋಗಬಾರದು. ಅಚ್ಚು ಮುರಿದು ಟ್ರೇಲರ್ ಮಗುಚಿದಾಗ ಮೊದಲು ಬಲಿಯಾಗುವವರು ಇವರೇ.

ಅಪಾಯದ ಮುನ್ಸೂಚನೆಗಳು

ಅಚ್ಚು ಸಾಮಾನ್ಯವಾಗಿ ಒಮ್ಮೆಲೇ ಮುರಿಯುವುದಿಲ್ಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ, ತಿರುಗುವ ಅಚ್ಚು ಪ್ರತಿ ಸುತ್ತಿಗೂ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ. 13.6-28 ಟೈರು ಒಂದು ಕಿ.ಮೀ. ದೂರಕ್ಕೆ ಸುಮಾರು 240 ಸುತ್ತು ತಿರುಗುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಹೀಗೆ ದಿನದಿಂದ ದಿನಕ್ಕೆ ಬೆಳೆದು, ಉಳಿದ ಭಾಗ ಭಾರ ತಾಳದಾದಾಗ ಮುರಿಯುತ್ತದೆ. ಮುರಿದ ಅಚ್ಚಿನ ಮುಖದಲ್ಲಿ ಒಂದು ಭಾಗ ನುಣುಪಾಗಿ, ತುಕ್ಕಿನ ಬಣ್ಣದಲ್ಲಿದ್ದು, ಮತ್ತೊಂದು ಭಾಗ ಹೊಸದಾಗಿ ಒರಟಾಗಿದ್ದರೆ ಬಿರುಕು ಬಹು ದಿನಗಳಿಂದ ಇತ್ತೆಂದು ತಿಳಿಯಬೇಕು. ಅಂತಹ ಅಚ್ಚಿಗೆ ಬದಲಾಗಿ ಅದೇ ಗಾತ್ರದ ಮತ್ತೊಂದನ್ನು ಹಾಕಿ ಅಷ್ಟೇ ಭಾರ ಹೇರಿದರೆ ಅದೂ ಮುರಿಯುವ ಸಂಭವವಿದೆ.

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ವಾಹನವನ್ನು ಕೂಡಲೇ ನಿಲ್ಲಿಸಿ ಪರೀಕ್ಷಿಸಬೇಕು:

- ಹಿಂದಿನಿಂದ ನೋಡಿದಾಗ ಟ್ರೇಲರಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುವುದು
- ಟೈರಿನ ಒಂದೇ ಅಂಚು ಬೇಗ ಸವೆಯುವುದು
- ಓಡಿದ ನಂತರ ಒಂದು ಹಬ್ ಮತ್ತೊಂದಕ್ಕಿಂತ ಹೆಚ್ಚು ಬಿಸಿಯಾಗಿರುವುದು
- ಬೋಲ್ಟುಗಳು ಪದೇ ಪದೇ ಸಡಿಲವಾಗುವುದು
- ಟ್ರ್ಯಾಕ್ಟರಿನ ಹಿಂದಿನ ಹಬ್ಬಿನ ಬಳಿ ಎಣ್ಣೆ ಜಿನುಗುವುದು

ಮುರಿದ ಅಥವಾ ಬಿರುಕು ಬಿಟ್ಟ ಅಚ್ಚಿಗೆ ವೆಲ್ಡಿಂಗ್ ಮಾಡಿಸಬಾರದು. ಟ್ರ್ಯಾಕ್ಟರಿನ ಅಚ್ಚಿಗೆ ಕಾರ್ಖಾನೆಯಲ್ಲಿ ಕಾಯಿಸಿ ಹದಗೊಳಿಸಿದ ಗಟ್ಟಿತನವಿರುತ್ತದೆ. ವೆಲ್ಡಿಂಗಿನ ಕಾವಿಗೆ ಆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲಿಯೇ ಅದು ಮತ್ತೆ ಮುರಿಯುತ್ತದೆ.

ಸಾರಾಂಶ

ಮೊದಲು ಭಾರ, ನಂತರ ಅಚ್ಚು, ಕೊನೆಯಲ್ಲಿ ಟೈರು ಎಂಬ ಕ್ರಮವನ್ನು ಅನುಸರಿಸಬೇಕು. ಅಚ್ಚು ಮತ್ತು ತಯಾರಕರು ಒಪ್ಪುವ ಗಾತ್ರಕ್ಕಿಂತ ದೊಡ್ಡದಾದ ಟೈರು ಕೆಸರಿನಲ್ಲಿ ನೆರವಾದರೂ ರಸ್ತೆಯಲ್ಲಿ ಅಪಾಯ ತರುತ್ತದೆ.

ನೋಂದಣಿ, ಭಾರಮಿತಿ ಮತ್ತು ಮಾರ್ಪಾಡಿನ ಅನುಮತಿಗೆ ಸಂಬಂಧಿಸಿದ ವಿವರಗಳಿಗಾಗಿ ದಾವಣಗೆರೆಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು, ಯಂತ್ರೋಪಕರಣಗಳ ಆಯ್ಕೆ ಮತ್ತು ಬಳಕೆಯ ಬಗ್ಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.